ಗೋಡೆ ದಾಟದ ಗುಂಡು

ಮೊದಲೇ ಹೇಳಿಬಿಡುತ್ತೇನೆ, ಈ ವಿಷಯ ತೆಗೆದರೆ ನನಗೆ ಮೈ ಉರಿಯುತ್ತದೆ. ಹೇಳಿ ಮುಗಿಸುವ ಹೊತ್ತಿಗೂ ಆ ಉರಿ ಇಳಿದಿರುವುದಿಲ್ಲ. ನಿಮಗೆ ನಗು ಬಂದರೆ ನಗಿ, ನಾನು ತಡೆಯುವುದಿಲ್ಲ.

ನಮ್ಮ ಟಿಲ್ಮನ್ಸ್ ಫೋರ್ಕ್‌ನಲ್ಲಿ ಎರಡು ಚರ್ಚು, ಒಂದು ಪೆಟ್ರೋಲ್ ಬಂಕು, ಒಂದು ಬಾಯ್ಡ್‌ನ ಬಂದೂಕಿನ ಅಂಗಡಿ. ಇಡೀ ಮಿಸೌರಿ ರಾಜ್ಯದಲ್ಲಿ ಇಂಥ ಊರುಗಳು ಬೇಕಾದಷ್ಟಿವೆ. ಚರ್ಚಿಗೆ ಜನ ಭಾನುವಾರ ಹೋಗುತ್ತಾರೆ, ಬಾಯ್ಡ್‌ನ ಅಂಗಡಿಗೆ ಮಿಕ್ಕ ದಿನಗಳಲ್ಲಿ. ದೇವರ ವಿಷಯಕ್ಕೆ ಚರ್ಚಿನಲ್ಲಿ ಇಬ್ಬರು ಕೊರಳಪಟ್ಟಿ ಹಿಡಿದದ್ದನ್ನು ನಾನು ನೋಡಿಲ್ಲ. ಅಂಗಡಿಯಲ್ಲಿ ಮಾತ್ರ ದಿನಾ ನೋಡುತ್ತೇನೆ. ಅಲ್ಲಿ ಎರಡು ಪಂಗಡ. ಪಿಸ್ತೂಲಿಗೆ ನಲವತ್ತೈದರ ಗುಂಡೇ ಆಗಬೇಕು ಅನ್ನುವವರು ಒಂದು ಕಡೆ. ಅದು ಇಂಚನ್ನು ನೂರು ಪಾಲು ಮಾಡಿದರೆ ನಲವತ್ತೈದು ಪಾಲು, ಕಿರುಬೆರಳಿನ ತುದಿಯಷ್ಟು ದಪ್ಪ, ಪಿಸ್ತೂಲಿನಲ್ಲಿ ಕೆಲವೇ ಹಿಡಿಸುತ್ತವೆ, ಹಾರಿಸಿದರೆ ಮೊಣಕೈವರೆಗೂ ಒದೆಯುತ್ತದೆ. ಒಂಬತ್ತು ಮಿಲಿಮೀಟರಿನದು ಸಾಕು ಅನ್ನುವವರು ಇನ್ನೊಂದು ಕಡೆ. ಅದು ಸಣ್ಣದು, ಅಗ್ಗ, ಎರಡರಷ್ಟು ಹಿಡಿಸುತ್ತದೆ. ಇನ್ನು ಅದೇ ಇಂಚಿನ ಲೆಕ್ಕದಲ್ಲಿ ಇಪ್ಪತ್ತೆರಡು ಅಂತ ಒಂದಿದೆ, ಕಡಲೆಕಾಳಿಗಿಂತ ಸಣ್ಣದು. ಗುರಿ ಕಲಿಯಲಿಕ್ಕೆ ಅದಕ್ಕಿಂತ ಒಳ್ಳೆಯದಿಲ್ಲ ಅಂತ ಎಲ್ಲರಿಗೂ ಗೊತ್ತು. ಆದರೆ ಗಂಡಸರು ನಾಲ್ಕು ಜನರ ಮುಂದೆ ಅದರ ಹೆಸರೆತ್ತುವುದಿಲ್ಲ, ಮರ್ಯಾದೆ ಹೋಗುತ್ತದಂತೆ.

ಇಂಥ ಜಾಗಕ್ಕೆ ಕಾಲಿಟ್ಟವನು ವೆಂಡೆಲ್ ಪ್ರೂಯಿಟ್.

ವೆಂಡೆಲ್ ನೆಲಹಾಸಿನ ಅಂಗಡಿಯಲ್ಲಿ ಕೆಲಸ ಮಾಡುವವನು. ಹೆಂಗಸು ಬಂದು ಹಸಿರು ಚೆನ್ನಾಗಿದೆ ಅಂದರೆ ಹಸಿರೇ ಚೆಂದ ಅನ್ನುತ್ತಾನೆ. ಅವಳ ಗಂಡ ಕಂದು ಇರಲಿ ಅಂದರೆ ಕಂದಿನಷ್ಟು ಚೆಂದ ಬೇರೊಂದಿಲ್ಲ ಅನ್ನುತ್ತಾನೆ. ಆಮೇಲೆ ಅವರಿಬ್ಬರೂ ಜಗಳವಾಡಿಕೊಂಡು ಹೋದರೆ ಬಾಗಿಲವರೆಗೂ ಹೋಗಿ ಇಬ್ಬರಿಗೂ ಕೈ ಬೀಸುತ್ತಾನೆ. ಕೆಟ್ಟವನಲ್ಲ. ಅವನ ತಲೆಯೊಳಗೆ ಕೊನೆಗೆ ಮಾತಾಡಿದವರ ಮಾತು ನಿಲ್ಲುತ್ತದೆ, ಅಷ್ಟೇ.

ಇವನ ಹಿತ್ತಲಿನ ಕೊಟ್ಟಿಗೆಯಿಂದ ಮರ ಕೊಯ್ಯುವ ಮಷೀನು ಕಾಣೆಯಾಯಿತು. ಬೀಗ ಒಡೆದಿರಲಿಲ್ಲ, ಏಕೆಂದರೆ ಬೀಗ ಹಾಕಿರಲಿಲ್ಲ. ಭಾನುವಾರ ಚರ್ಚಿನ ಊಟದಲ್ಲಿ ಎಲ್ಲರೂ ಅಯ್ಯೋ ಪಾಪ ಅಂದರು. ಇವನಿಗೆ ಅದನ್ನು ಸಹಿಸಲಾಗಲಿಲ್ಲ. ಆಲೂಗಡ್ಡೆ ಸಲಾಡಿನ ತಟ್ಟೆ ಹಿಡಿದುಕೊಂಡೇ, ಇನ್ನು ಮೇಲೆ ನನ್ನ ಮನೆಗೆ ಹೇಳದೆ ಕೇಳದೆ ನುಗ್ಗಿದವನು ನಡೆದುಕೊಂಡು ವಾಪಸ್ ಹೋಗುವುದಿಲ್ಲ, ಪಿಸ್ತೂಲು ತರುತ್ತಿದ್ದೇನೆ ಅಂತ ಘೋಷಿಸಿಬಿಟ್ಟ. ಪಾದ್ರಿಗಳೂ ಕೇಳಿಸಿಕೊಂಡರು. ಇನ್ನು ತರದೆ ವಿಧಿಯಿಲ್ಲ.

ಹೆಂಡತಿ ಮಾರ್ವಾ ಬುದ್ಧಿವಂತೆ. ತರುವುದಾದರೆ ಒಂದೇ ತನ್ನಿ, ಬಾಯ್ಡ್‌ನ ಅಂಗಡಿ ಹಿಂದೆ ಗುರುವಾರ ನಡೆಯುವ ಗುರಿ ಸ್ಪರ್ಧೆಗೂ ಅದೇ ಆಗಲಿ, ಮನೆಗೂ ಅದೇ ಆಗಲಿ ಅಂದಳು. ಸೋಮವಾರ ಬೆಳಿಗ್ಗೆ ವೆಂಡೆಲ್ ಬಾಯ್ಡ್‌ನ ಅಂಗಡಿಗೆ ಬಂದ. ಕಿಟಕಿ ಪಕ್ಕದ ಬೆಂಚಿನಲ್ಲಿ ನಾನಿದ್ದೆ. ಅವನ ಬಾಯಿಂದ ಬಂದ ಮೊದಲ ಮಾತು ನನಗೆ ಇವತ್ತಿಗೂ ನೆನಪಿದೆ, ಏಕೆಂದರೆ ಇಡೀ ಪ್ರಕರಣದಲ್ಲಿ ಒಬ್ಬ ಗಂಡಸು ಆಡಿದ ಬುದ್ಧಿಯ ಮಾತು ಅದೊಂದೇ.

“ಬಾಯ್ಡ್, ನಮ್ ಗೋಡೆ ದಾಟ್ದೇ ಇರೋ ಗುಂಡು ಯಾವ್ದಿದೆ?”

ಈ ಪ್ರಶ್ನೆ ಯಾಕೆ ಅಂದರೆ, ವೆಂಡೆಲ್‌ನದು ಅರ್ಧ ಮನೆ. ಒಂದೇ ಸೂರು, ಎರಡು ಸಂಸಾರ, ನಡುವೆ ಒಂದು ಗೋಡೆ. ಆ ಕಡೆ ಮಿಸ್ ಓಪಲ್ ಇದ್ದಾರೆ, ಗಂಡ ತೀರಿಕೊಂಡ ಮೇಲೆ ಒಬ್ಬರೇ. ಗೋಡೆ ಅಂದಾಕ್ಷಣ ಕಲ್ಲು ಇಟ್ಟಿಗೆ ಅಂದುಕೊಳ್ಳಬೇಡಿ. ಮರದ ಚೌಕಟ್ಟು, ಎರಡೂ ಕಡೆ ಜಿಪ್ಸಮ್ ಹಲಗೆ, ನಡುವೆ ಬರೀ ಗಾಳಿ. ಆ ಕಡೆ ಓಪಲ್ ಸೀನಿದರೆ ಈ ಕಡೆ ಮಾರ್ವಾ ದೇವರು ಒಳ್ಳೇದು ಮಾಡಲಿ ಅನ್ನುತ್ತಾಳೆ. ವೆಂಡೆಲ್ ತನ್ನ ಮಂಚದಲ್ಲಿ ಕೂತು ಕೋಣೆಯ ಪಕ್ಕದ ಗೋಡೆಯಲ್ಲಿರುವ ಬಾಗಿಲಿನ ಕಡೆ ಓರೆಯಾಗಿ ಗುರಿ ಹಿಡಿದರೆ, ಬಾಗಿಲಿನ ಹಿಂದೆ ಈ ಗೋಡೆ, ಗೋಡೆಯ ಹಿಂದೆ ಓಪಲ್ ಅವರ ತಲೆದಿಂಬು. ಮಾರ್ವಾಳಿಗೆ ತಾಯಿ ಇಲ್ಲ. ಕಾಯಿಲೆ ಬಿದ್ದು ಒಂದು ಚಳಿಗಾಲವಿಡೀ ಮಲಗಿದ್ದಾಗ ಸಾರು ಮಾಡಿ ಕುಡಿಸಿದವರು, ತಲೆ ಬಾಚಿದವರು ಓಪಲ್.

ಬಾಯ್ಡ್ ಗೋಡೆಯ ಮಾತನ್ನು ಕೇಳಿಸಿಕೊಳ್ಳಲೇ ಇಲ್ಲ. ಅವನು ಒಂಬತ್ತರ ಪಂಗಡ. ಗೋಡೆ ಆಮೇಲೆ ನೋಡೋಣ, ಮೊದಲು ಇದನ್ನು ಕೈಯಲ್ಲಿ ಹಿಡಿದು ನೋಡು ಅಂತ ಒಂದು ಪಿಸ್ತೂಲು ತೆಗೆದು ಗಾಜಿನ ಮೇಲಿಟ್ಟ. ಅಷ್ಟರಲ್ಲಿ ಬೆಂಚಿನ ಆ ತುದಿಯಿಂದ ಹಾರ್ಲನ್ ಎದ್ದ. ಹಾರ್ಲನ್ ಅಂದರೆ ಮಾರ್ವಾಳ ಅಪ್ಪ, ವೆಂಡೆಲ್‌ನ ಮಾವ, ಸೈನ್ಯದಲ್ಲಿದ್ದು ಬಂದವನು, ನಲವತ್ತೈದರವರ ಮುಖಂಡ. ಕಿವಿ ಮಂದ, ಹಾಗಾಗಿ ಲೋಕಕ್ಕೇ ಕಿವಿ ಮಂದ ಅನ್ನುವ ಹಾಗೆ ಮಾತಾಡುತ್ತಾನೆ. ಎರಡು ವಾರಕ್ಕೆ ಅಂತ ಮಗಳ ಮನೆ ಪಕ್ಕ ತನ್ನ ಗಾಲಿಮನೆ ತಂದು ನಿಲ್ಲಿಸಿದ್ದ. ಅದು ಯಾವ ವರ್ಷದ ಎರಡು ವಾರವೋ, ಕಿಟಕಿಯಿಂದ ವೈರು ಎಳೆದುಕೊಂಡು ಅಳಿಯನ ಕರೆಂಟು ಉರಿಸಿಕೊಂಡು ಅಲ್ಲೇ ಇದ್ದಾನೆ.

“ಅಳಿಯಾ, ಆ ಆಟದ ಸಾಮಾನು ಕೆಳಗಿಡು. ಕಳ್ಳ ನಿಂಗೆ ಎರಡನೇ ಸಲ ಹೊಡ್ಯೋಕೆ ಟೈಮ್ ಕೊಡ್ತಾನೇನೋ? ನಲವತ್ತೈದು. ಒಂದೇ ಏಟು. ಮುಗೀತು.”

“ಆದ್ರೆ ಮಾವ, ಗೋಡೆ...”

“ಗೋಡೆ ದಾಟಿದ್ರೆ ಒಳ್ಳೇದೇ ಕಣೋ. ಗೋಡೆ ಹಿಂದೆ ಬಚ್ಚಿಟ್ಕೊಂಡವನೂ ಬೀಳ್ತಾನೆ.”

ಗೋಡೆ ಹಿಂದೆ ಇರುವವರು ಓಪಲ್ ಅಂತ ವೆಂಡೆಲ್ ಹೇಳಿದ. ಆ ಹೊತ್ತಿಗೆ ಬಾಯ್ಡ್ ಮತ್ತು ಹಾರ್ಲನ್ ಒಬ್ಬರ ಎದೆಗೊಬ್ಬರು ಬೆರಳು ಚುಚ್ಚುತ್ತಿದ್ದರು. ಗಿರಾಕಿ ಅಲ್ಲಿದ್ದಾನೆ ಅನ್ನುವುದೇ ಮರೆತುಹೋಗಿತ್ತು. ಒಬ್ಬ ಮನುಷ್ಯ ನೇರವಾಗಿ ಪ್ರಶ್ನೆ ಕೇಳಿದರೆ ನೇರವಾಗಿ ಉತ್ತರ ಕೊಡಲಿಕ್ಕೆ ಇವರಿಗೇನು ರೋಗ ಅಂತ ನನಗೆ ಅವತ್ತೇ ರೇಗಿತ್ತು.

ಆ ಗುರುವಾರ ವೆಂಡೆಲ್ ಬಾಯ್ಡ್‌ನಿಂದ ನಲವತ್ತೈದನ್ನು ಬಾಡಿಗೆಗೆ ಪಡೆದು ಹಾರಿಸಿ ನೋಡಿದ. ಗುಂಡು ಹಾರಿದ ಮೇಲೆ ಹೊರಕ್ಕೆ ಚಿಮ್ಮುವ ಬಿಸಿ ಹಿತ್ತಾಳೆ ಚಿಪ್ಪು ಅಂಗಿಯ ಕುತ್ತಿಗೆಯೊಳಗೆ ಬಿತ್ತು. ಅವನು ಪಿಸ್ತೂಲು ಕೆಳಗಿಟ್ಟು ಕುಣಿದ ಕುಣಿತಕ್ಕೆ ಮೆಥಡಿಸ್ಟ್ ಪಾದ್ರಿಗಳ ಹೆಂಡತಿ ಕಣ್ಣು ಮುಚ್ಚಿಕೊಂಡರು. ಮುಂದಿನ ಗುರುವಾರ ಒಂಬತ್ತನ್ನು ಹಾರಿಸಿದ. ಗುಂಡುಗಳೆಲ್ಲ ಪಕ್ಕದವನ ಗುರಿಹಲಗೆಗೆ ಬಿದ್ದವು, ಪಕ್ಕದವನಿಗೆ ಆ ವಾರದ ಬಹುಮಾನ ಬಂತು. ಇಷ್ಟಾದರೂ ಸಂಜೆ ಮನೆಗೆ ಹೋಗಿ ಮಲಗುವ ಕೋಣೆಯಲ್ಲಿ ನಿಂತು ಮಾವನ ಜೊತೆ ಚರ್ಚೆ. ವೆಂಡೆಲ್ ಮೆತ್ತಗೆ ಮಾತಾಡುವವನು, ಅವನ ಮಾತು ಗೋಡೆಯಾಚೆ ಕೇಳುವುದಿಲ್ಲ. ಹಾರ್ಲನ್‌ದು ಕೇಳದೆ ಇರಲು ಊರು ಬಿಟ್ಟು ಹೋಗಬೇಕು. ಹಾಗಾಗಿ ಓಪಲ್ ಅವರಿಗೆ ಹೋಗಿ ತಲುಪುತ್ತಿದ್ದದ್ದು ಅರ್ಧ ಸಂಭಾಷಣೆ, ಅದೂ ಹಾರ್ಲನ್‌ನ ಅರ್ಧ. ಒಂದೇ ಏಟಿಗೆ ಬೀಳಬೇಕು ಕಣೋ. ವಯಸ್ಸಾಗಿದ್ರೆ ಏನಂತೆ, ಬಿದ್ದ ಮೇಲೆ ಎಲ್ಲಾ ಒಂದೇ. ಗೋಡೆ ಒಂದು ಲೆಕ್ಕಾನೇ ಅಲ್ಲ. ವಯಸ್ಸಾದದ್ದು ಪಿಸ್ತೂಲಿಗೆ, ಹಾರ್ಲನ್‌ನ ಹಳೆಯ ಸೈನ್ಯದ ಪಿಸ್ತೂಲಿಗೆ. ಅದು ಆ ಕಡೆ ಹೇಗೆ ಗೊತ್ತಾಗಬೇಕು?

ಇನ್ನೊಂದು ವಿಷಯ. ಓಪಲ್ ತಮ್ಮ ವರಾಂಡದಲ್ಲಿ ಹಿತ್ತಾಳೆ ಕೊಳವೆಗಳ ಗಾಳಿಗಂಟೆ ತೂಗುಹಾಕಿದ್ದರು. ಗಾಳಿ ಬಂದರೆ ಇಡೀ ಬೀದಿಗೆ ಸಂಗೀತ. ಅದರ ಸದ್ದಿಗೆ ನಿದ್ದೆ ಬರುವುದಿಲ್ಲ, ಸ್ವಲ್ಪ ಆ ಕಡೆ ಕಟ್ಟಬಹುದಾ ಅಂತ ವೆಂಡೆಲ್ ಆ ವಾರವೇ, ಹತ್ತು ಸಲ ಕ್ಷಮೆ ಕೇಳಿ, ವಿನಂತಿ ಮಾಡಿದ್ದ.

ಈಗ ಬಾಯ್ಡ್‌ನ ಮಹಾಸಲಹೆ ಕೇಳಿ. ಮೂರನೇ ಸಲ ವೆಂಡೆಲ್ ಗೋಡೆಯ ಮಾತೆತ್ತಿದಾಗ ಅವನು ಬೇಸರದಿಂದ, ಮೊದಲು ನಿನ್ನ ಗೋಡೆ ಎಷ್ಟು ದಪ್ಪ ಇದೆ ಅಂತ ತಿಳಿದುಕೊಂಡು ಬಾ ಮಾರಾಯ ಅಂದ. ಬೇರೆ ಯಾರಾದರೂ ಆಗಿದ್ದರೆ ಬೆರಳಲ್ಲಿ ಕುಟ್ಟಿ ನೋಡುತ್ತಿದ್ದರು. ವೆಂಡೆಲ್ ಮನೆಗೆ ಹೋಗಿ ಡ್ರಿಲ್ಲಿಂಗ್ ಮಷೀನು ತೆಗೆದ. ಇದ್ದದ್ದರಲ್ಲಿ ಉದ್ದನೆಯ ಕಡ್ಡಿ ಸಿಕ್ಕಿಸಿದ. ಗೋಡೆ ಗಟ್ಟಿ ಇರಬಹುದು ಅಂತ ಭುಜ ಕೊಟ್ಟು ಒತ್ತಿದ.

ಆಚೆ ಓಪಲ್ ಮಧ್ಯಾಹ್ನದ ನಿದ್ದೆಯಲ್ಲಿದ್ದರು. ಮಂಚದ ತಲೆಯ ಮೇಲೆ ಗಂಡ ವರ್ಜಿಲ್‌ನ ಪಟ. ಸದ್ದಿಗೆ ಕಣ್ಣು ಬಿಟ್ಟು ನೋಡಿದರೆ, ಸತ್ತ ಗಂಡನ ಟೈ ಗಂಟಿನಿಂದ ಕಬ್ಬಿಣದ ಕಡ್ಡಿಯೊಂದು ಗಿರಗಿರ ತಿರುಗುತ್ತಾ ಹೊರಗೆ ಬರುತ್ತಿದೆ. ಮುಖದ ಮೇಲೆ ಬಿಳಿ ಪುಡಿ ಉದುರುತ್ತಿದೆ. ಕಡ್ಡಿ ಬಂದು, ನಿಂತು, ವಾಪಸ್ ಹೋಯಿತು. ಆ ತೂತಿನಿಂದ ಹಾರ್ಲನ್‌ನ ಧ್ವನಿ ಬಂತು.

“ನೋಡ್ದಾ, ಏನೂ ತಡ್ಯಲ್ಲ ಅಂತ ಹೇಳ್ಳಿಲ್ವಾ? ಸರ್ಯಾಗಿ ಮಂಚದ ಮೇಲೇ ಬೀಳುತ್ತೆ.”

ಓಪಲ್ ಎದ್ದರು. ಕೂದಲಲ್ಲಿ ಪುಡಿ ಹಾಗೇ ಇತ್ತು. ಇವರ ಸಿಟ್ಟೆಲ್ಲ ಇದಕ್ಕೇ ಅಂದುಕೊಂಡು ವರಾಂಡಕ್ಕೆ ಹೋಗಿ ಗಾಳಿಗಂಟೆ ಬಿಚ್ಚಿ, ಸದ್ದಾಗದ ಹಾಗೆ ಟವೆಲ್ಲಿನಲ್ಲಿ ಸುತ್ತಿ, ವೆಂಡೆಲ್‌ನ ಹೊಸ್ತಿಲ ಮೇಲೆ ಇಟ್ಟು ಬಂದರು. ಆಮೇಲೆ ಬಾಗಿಲು ಹಾಕಿಕೊಂಡು ಪೊಲೀಸರಿಗೆ ಫೋನ್ ಮಾಡಿದರು.

ಬಂದವನು ಡೆಪ್ಯುಟಿ ಲಾನಿ. ಇವನ ಬಗ್ಗೆ ಹೇಳುವಾಗ ನನ್ನ ರಕ್ತದೊತ್ತಡ ಏರುತ್ತದೆ, ಆದರೂ ಹೇಳುತ್ತೇನೆ. ಮೊದಲ ಐದು ನಿಮಿಷ ಸರಿಯಾಗಿಯೇ ಇದ್ದ. ಟೋಪಿ ತೆಗೆದ, ಮಿಸ್ ಓಪಲ್ ಅವರ ಮಾತು ಕೇಳಿದ, ವರ್ಜಿಲ್‌ನ ಟೈ ಪರೀಕ್ಷೆ ಮಾಡಿದ. ಆಮೇಲೆ ಈ ಕಡೆ ಬಂದು ವೆಂಡೆಲ್‌ನನ್ನು ಅಡುಗೆಮನೆಯಲ್ಲಿ ಕೂರಿಸಿ ವಿಚಾರಣೆ ಶುರು ಮಾಡಿದ. ವೆಂಡೆಲ್, ನಾನು ಕೊಲ್ಲಲಿಕ್ಕಲ್ಲ ಲಾನಿ, ಯಾವ ಗುಂಡು ತರುವುದು ಅಂತ ತೀರ್ಮಾನ ಮಾಡಲಿಕ್ಕೆ ತೂತು ಕೊರೆದೆ ಅಂದ. ಲಾನಿ ಪೆನ್ನು ಕೆಳಗಿಟ್ಟ.

“ಏನೇನ್ ನೋಡಿದೀಯ ಇಲ್ಲೀವರ್ಗೂ?”

ಅಲ್ಲಿಗೆ ಮುಗಿಯಿತು. ಲಾನಿ ನಲವತ್ತರವನು. ಹೌದು, ಮೂರನೆಯ ಪಂಗಡವೂ ಒಂದಿದೆ. ಒಂಬತ್ತಕ್ಕೂ ನಲವತ್ತೈದಕ್ಕೂ ನಡುವಿನದು, ಅವನಿಗೆ ಇಲಾಖೆ ಕೊಟ್ಟದ್ದು. ಹಾರ್ಲನ್ ಗಾಲಿಮನೆಯಿಂದ ಇಳಿದು ಬಂದ. ಮಾರ್ವಾ ಇಟ್ಟ ಕಡುಬಿಗೆ ಲಾನಿ ಕೈ ಹಾಕಿದ. ಮೇಜಿನ ಮೇಲೆ ಉಪ್ಪಿನ ಡಬ್ಬಿ ಕಳ್ಳನಾಯಿತು, ಮೆಣಸಿನ ಡಬ್ಬಿ ವೆಂಡೆಲ್ ಆಯಿತು, ಮಧ್ಯೆ ಚಮಚಗಳೆಲ್ಲ ಗುಂಡುಗಳಾದವು. ಕೊಲೆಯತ್ನದ ದೂರು ಕೊಟ್ಟ ಹೆಂಗಸು ಗೋಡೆಯಾಚೆ ಸ್ನಾನದ ತೊಟ್ಟಿಯೊಳಗೆ ದಿಂಬು ಹಾಕಿಕೊಂಡು ಕೂತಿದ್ದರು. ಮನೆಯಲ್ಲಿ ಗುಂಡು ತಡೆಯುವಂಥ ಕಬ್ಬಿಣದ್ದು ಅದೊಂದೇ ಅಂತ. ವಿಚಾರಣಾಧಿಕಾರಿ ಈ ಕಡೆ ಕಡುಬು ತಿನ್ನುತ್ತಾ ಕಳ್ಳನನ್ನು ಚಮಚದಿಂದ ಸಾಯಿಸುತ್ತಿದ್ದ. ಹೋಗುವಾಗ ಓಪಲ್ ಅವರ ಬಾಗಿಲ ಹತ್ತಿರ ಟೋಪಿ ಮುಟ್ಟಿ, ಏನೂ ಯೋಚನೆ ಮಾಡಬೇಡಿ ಮಿಸ್ ಓಪಲ್, ಅವನು ಇನ್ನೂ ತೀರ್ಮಾನ ಮಾಡಿಲ್ಲ ಅಂದನಂತೆ.

ಅವನು ಇನ್ನೂ ತೀರ್ಮಾನ ಮಾಡಿಲ್ಲ. ಈ ಸಮಾಧಾನದ ಮಾತಿಗೆ ಆ ಹೆಂಗಸಿನ ಎದೆ ನಿಲ್ಲದೆ ಇದ್ದದ್ದೇ ಹೆಚ್ಚು.

ಬೆಳಗಾಗುವಷ್ಟರಲ್ಲಿ ಊರಿಗೆಲ್ಲ ಗೊತ್ತಾಯಿತು. ನಮ್ಮಲ್ಲಿ ಒಂದು ಪದ್ಧತಿ ಇದೆ, ಯಾರ ಮನೆಯಲ್ಲಾದರೂ ಸಾವಾದರೆ ಅಕ್ಕಪಕ್ಕದವರು ಅಡುಗೆ ಮಾಡಿ ತಂದುಕೊಡುತ್ತಾರೆ. ಪಾತ್ರೆಯ ತಳಕ್ಕೆ ಹೆಸರು ಬರೆದ ಪಟ್ಟಿ ಅಂಟಿಸಿರುತ್ತಾರೆ, ವಾಪಸ್ ಬರಲಿ ಅಂತ. ಎರಡೂ ಚರ್ಚಿನ ಹೆಂಗಸರಿಗೆ ಓಪಲ್ ಅವರ ವಿಷಯದಲ್ಲಿ ಏನು ಮಾಡಬೇಕು ಅಂತ ತೋಚಲಿಲ್ಲ. ತೋಚದೆ ಇದ್ದಾಗ ಕೈ ಅಭ್ಯಾಸದ ಕಡೆ ಹೋಗುತ್ತದೆ. ಬೀನ್ಸಿನ ಪಾತ್ರೆ ಬಂತು. ಹಂದಿಮಾಂಸದ ದೊಡ್ಡ ತುಂಡು ಬಂತು. ಮೂರು ಬಣ್ಣದ ಜೆಲ್ಲಿ ಬಂತು. ತಂದವರೆಲ್ಲ ದನಿ ತಗ್ಗಿಸಿ, ಓಪಲ್ ಎಷ್ಟು ಒಳ್ಳೆಯವರಾಗಿದ್ದರು ಅಂತ ಓಪಲ್ ಅವರಿಗೇ ಹೇಳಿ, ಕಣ್ಣೊರೆಸಿಕೊಂಡು ಹೋದರು. ಬದುಕಿದ್ದಾಗಲೇ ತಮ್ಮ ಸಾವಿನ ಮನೆಯ ಊಟ ತಾವೇ ತಿಂದವರು ನನಗೆ ತಿಳಿದ ಮಟ್ಟಿಗೆ ಇವರೊಬ್ಬರೇ. ಜೆಲ್ಲಿ ಸ್ವಲ್ಪ ಗಟ್ಟಿಯಾಗಿತ್ತು ಅಂತ ಆಮೇಲೆ ನನಗೆ ಹೇಳಿದರು.

ಕೊನೆಗೆ ಮಾರ್ವಾಳೂ ಒಂದು ಪಾತ್ರೆ ಹಿಡಿದು ಹೋದಳು. ವೆಂಡೆಲ್ ಸಂಜೆಯವರೆಗೂ ಕಾದ. ಅವಳು ಬರಲಿಲ್ಲ. ಹೋಗಿ ಬಾಗಿಲು ತಟ್ಟಿದ. ಅವಳು ಬಾಗಿಲಿಗೆ ಅಡ್ಡ ನಿಂತೇ ಮಾತಾಡಿದಳು.

“ನಿಮ್ಮ್ ಗಲಾಟೆ ಮುಗ್ಯೋವರ್ಗೂ ನಾನು ಇಲ್ಲೇ. ಈಕೆ ಮಲಗೋ ಕಡೆ ನಾನೂ ಮಲಗ್ತೀನಿ. ಹೊಡ್ದ್ರೆ ಇಬ್ಬರ್ಗೂ ಬೀಳ್ಲಿ.”

“ನಾನ್ಯಾಕ್ ಹೊಡೀಲಿ ಮಾರ್ವಾ...”

“ನೀವ್ ಹೊಡೆಯಲ್ಲ, ಗೊತ್ತು. ನಿಮ್ ಗುರಿ ನಾನೂ ನೋಡಿದೀನಿ. ಅದೇ ಭಯ. ಪಿಸ್ತೂಲಿನ ಬಾಯಿ ಯಾರ ಮಂಚದ ಕಡೆಗೂ ಇಲ್ಲ ಅಂತ ತೋರ್ಸಿದ ದಿನ ಬರ್ತೀನಿ.”

ಬಾಗಿಲು ಹಾಕಿಕೊಂಡಿತು. ವೆಂಡೆಲ್ ಮನೆಯೊಳಗೆ ಹೋಗಿ ಆ ಡ್ರಿಲ್ಲಿನ ತೂತಿನ ಎದುರು ಕುರ್ಚಿ ಹಾಕಿಕೊಂಡು ಕೂತ. ಆ ಕಡೆ ತಟ್ಟೆಗಳ ಸದ್ದು, ಹೆಂಡತಿಯ ನಗು. ಈ ಕಡೆ ತಣ್ಣಗಿನ ಡಬ್ಬಿ ಬೀನ್ಸು. ಹಾರ್ಲನ್ ಬಂದು, ಹೆಂಗಸರು ಹಾಗೇ ಕಣೋ, ನಲವತ್ತೈದು ತಂದರೆ ಎಲ್ಲ ಸರಿಹೋಗುತ್ತೆ ಅಂದ. ಅವತ್ತು ಮೊದಲ ಸಲ ವೆಂಡೆಲ್ ಮಾವನ ಮಾತಿಗೆ ಹೂಂ ಅನ್ನಲಿಲ್ಲ.

ಶನಿವಾರ ಬೆಳಿಗ್ಗೆ ವೆಂಡೆಲ್ ನನ್ನ ಗಾಡಿ ಬೇಕು ಅಂತ ಬಂದ. ಮುಖ ಕೆಂಪಗಿತ್ತು. ಗಾಡಿಯಲ್ಲಿ ಮರದ ತುಂಡು, ಜಿಪ್ಸಮ್ ಹಲಗೆ ಹೇರಿಕೊಂಡು ಬಾಯ್ಡ್‌ನ ಅಂಗಡಿ ಹಿಂದಿನ ಗುರಿ ಮೈದಾನಕ್ಕೆ ಹೋದೆವು. ಅಲ್ಲಿ ತನ್ನ ಮನೆಯ ಗೋಡೆಯದೇ ಒಂದು ತುಂಡನ್ನು ಕಟ್ಟಿ ನಿಲ್ಲಿಸಿದ, ಹಿಂದೆ ಮಣ್ಣಿನ ದಿಬ್ಬ ಬರುವ ಹಾಗೆ. ಗೋಡೆಯ ಹಿಂದೆ ಒಂದು ಸ್ಟೂಲು, ಸ್ಟೂಲಿನ ಮೇಲೆ ದಿಂಬು, ದಿಂಬಿನ ಮೇಲೆ ಕರಬೂಜದ ಹಣ್ಣು. ಇನ್ನಷ್ಟು ಹಣ್ಣು ಗಾಡಿಯಲ್ಲಿತ್ತು. ಯಾಕಪ್ಪ ಅಂತ ಬಾಯ್ಡ್ ಕೇಳಿದ್ದಕ್ಕೆ, ಇದು ಮಿಸ್ ಓಪಲ್ ಅಂದ.

ಸುದ್ದಿ ಹಬ್ಬಿ ಅರ್ಧ ಊರು ಸೇರಿತು. ಓಪಲ್ ತಮ್ಮ ಮಡಚುವ ಕುರ್ಚಿ, ಐಸ್ ಟೀ ಸಮೇತ ಮಾರ್ವಾಳ ತೋಳು ಹಿಡಿದು ಬಂದು ಮುಂದಿನ ಸಾಲಿನಲ್ಲಿ ಕೂತರು. ಹೊಡೆಯುವುದು ತಮ್ಮನ್ನೇ ಅಂದಮೇಲೆ ತಾವಿರಬೇಕಲ್ಲ.

ಮೊದಲು ಹಾರ್ಲನ್. ಎದೆಯುಬ್ಬಿಸಿ ನಲವತ್ತೈದು ಹಾರಿಸಿದ. ಗೋಡೆ ದಾಟಿತು, ಕರಬೂಜ ಇಲ್ಲವಾಯಿತು. ಬಾಯ್ಡ್ ಮುಗುಳ್ನಗುತ್ತಾ ಒಂಬತ್ತು ಹಾರಿಸಿದ. ಗೋಡೆ ದಾಟಿತು, ಕರಬೂಜ ಎರಡು ಹೋಳಾಯಿತು. ಲಾನಿ ಇಲಾಖೆಯ ನಲವತ್ತನ್ನು ಹಾರಿಸಿದ. ಅದೂ ದಾಟಿತು. ಬಾಯ್ಡ್ ಓಡಿಹೋಗಿ, ಒಳಗೆ ಹೊಕ್ಕ ಕೂಡಲೇ ಅರಳಿ ನಿಲ್ಲುತ್ತದೆ ಅಂತ ಹೇಳಿ ಮಾರುವ ವಿಶೇಷ ಗುಂಡು ತಂದ. ಅದೂ ದಾಟಿತು. ಕೊನೆಗೆ ವೆಂಡೆಲ್ ಯಾರನ್ನೂ ಕೇಳದೆ ಇಪ್ಪತ್ತೆರಡನ್ನು ತೆಗೆದುಕೊಂಡು ನಿಂತ. ನಾಲ್ಕು ಜನ ನಕ್ಕರು. ಹಾರಿಸಿದ. ಕಡಲೆಕಾಳಿಗಿಂತ ಸಣ್ಣ ಗುಂಡು ಗೋಡೆಯನ್ನು ದಾಟಿ ಕರಬೂಜದೊಳಗೆ ಹೊಕ್ಕು ಆಚೆ ಬಂತು.

ಈಗಲಾದರೂ ಇವರ ತಲೆಗೆ ಹೋಯಿತು ಅಂದುಕೊಂಡೆ. ಹಾರ್ಲನ್ ಗೋಡೆಯ ಹತ್ತಿರ ಹೋದ, ಬಗ್ಗಿ ನೋಡಿದ, ತನ್ನ ತೂತು ಎಲ್ಲರದಕ್ಕಿಂತ ದುಂಡಗಿದೆ ಅಂದ. ಬಾಯ್ಡ್ ತನ್ನದು ಅಂಚು ಹರಿಯದೆ ನೀಟಾಗಿದೆ ಅಂದ. ಲಾನಿ ಅಳತೆ ಟೇಪು ತರಲು ಗಾಡಿಗೆ ಹೊರಟ.

ಆಗ ವೆಂಡೆಲ್ ಪಿಸ್ತೂಲು ಖಾಲಿ ಮಾಡಿ ಮೇಜಿನ ಮೇಲಿಟ್ಟ. ನೆಲಹಾಸು ಮಾರುವವನ ಗಂಟಲಲ್ಲಿ ಅಷ್ಟು ದನಿ ಇದೆ ಅಂತ ಅವನ ಹೆಂಡತಿಗೂ ಗೊತ್ತಿರಲಿಲ್ಲ.

“ಮೊದಲ್ನೇ ದಿನ ಬಂದು ನಾನ್ ಏನ್ ಕೇಳ್ದೆ? ಗೋಡೆ ಆಚೆ ಓಪಲ್ ಇದಾರೆ, ಏನ್ ಮಾಡ್ಲಿ ಅಂತ ಕೇಳ್ದೆ. ಒಬ್ಬ, ಒಬ್ಬನಾದ್ರೂ ಗೊತ್ತಿಲ್ಲ ಕಣಯ್ಯಾ ಅಂತ ಅಂದ್ನಾ? ಎಲ್ಲಾ ಗುಂಡೂ ದಾಟುತ್ತೆ ಅಂತ ನಿಮ್ಗೆ ಗೊತ್ತಿತ್ತು. ಬಾಯ್ಡ್, ನಿಂಗ್ ಗೊತ್ತಿತ್ತು. ನನ್ ಹೆಂಡ್ತಿ ಮನೆ ಬಿಟ್ಟು ಹೋದ್ಲು, ಆಯಮ್ಮ ಬಚ್ಚಲು ತೊಟ್ಟೀಲಿ ಮಲಗ್ತಿದಾರೆ, ನಿಮ್ಗೆ ಇಲ್ಲಿ ಯಾರ ತೂತು ದುಂಡಗಿದೆ ಅನ್ನೋದ್ ಬೇಕಾಗಿದೆ.”

ಓಪಲ್ ಐಸ್ ಟೀ ಒಂದು ಗುಟುಕು ಕುಡಿದರು.

“ಐದು ಸಲ ಸತ್ತೆ. ಒಂದ್ಸಲಾನೂ ಕಳ್ಳ ಬರ್ಲಿಲ್ಲ.”

ವೆಂಡೆಲ್ ಅಲ್ಲೇ ಎಲ್ಲರ ಮುಂದೆ ಹೇಳಿದ, ಗುಂಡು ಬದಲಿಸಿ ಪ್ರಯೋಜನ ಇಲ್ಲ, ಮಂಚ ಬದಲಿಸುತ್ತೇನೆ. ಓಪಲ್ ಗೋಡೆಗೇ ತಲೆ ಹಾಕಿ ಮಲಗುತ್ತೇನೆ. ಅಲ್ಲಿಂದ ಬಾಗಿಲ ಕಡೆ ಗುರಿ ಹಿಡಿದರೆ ಹಿಂದೆ ಇರುವುದು ಆ ಕಡೆಯ ಹೊರಗೋಡೆ. ಹಾರ್ಲನ್‌ಗೆ ಹೋದ ಜೀವ ಬಂತು. ಅಳಿಯನ ಬೆನ್ನು ತಟ್ಟಿ, ಈಗ ಬುದ್ಧಿ ಬಂತು ನೋಡು, ಹಾಗಾದರೆ ಇನ್ನೇನು ಅಡ್ಡಿ, ನಲವತ್ತೈದೇ ತಗೋ ಅಂದ.

“ಆಯ್ತು ಮಾವ, ನಲವತ್ತೈದೇ ತಗೋತೀನಿ.”

ಮಾರ್ವಾ ಮೆತ್ತಗೆ ಕೇಳಿದಳು.

“ಆ ಹೊರಗೋಡೆ ಆಚೆ ಏನಿದೆ ಅಪ್ಪಾ?”

ಎಲ್ಲರೂ ಹಾರ್ಲನ್ ಕಡೆ ತಿರುಗಿದರು. ಆ ಗೋಡೆಯ ಆಚೆ, ಒಂದು ಮೊಳವೂ ದೂರವಿಲ್ಲದೆ, ಹಾರ್ಲನ್‌ನ ಗಾಲಿಮನೆ. ವೈರು ಎಟುಕಲಿ ಅಂತ ಗೋಡೆಗೇ ತಾಗಿಸಿ ನಿಲ್ಲಿಸಿದ್ದ. ಗಾಲಿಮನೆಯ ಆ ಬದಿಯಲ್ಲಿ ಅವನ ಮಂಚ.

ಆ ಮನುಷ್ಯ ಸೈನ್ಯದಿಂದ ಬಂದಾಗಿನಿಂದ ನಲವತ್ತೈದರ ಹೆಸರಲ್ಲಿ ಊರಿನವರ ಪ್ರಾಣ ತಿಂದವನು. ಮೊದಲು ಕೆಮ್ಮಿದ. ಆಮೇಲೆ ಅಳಿಯನ ಕೈಗೆ ನಲವತ್ತೈದು ಸ್ವಲ್ಪ ಭಾರ ಆಗಬಹುದು, ಒಂಬತ್ತೂ ಪರವಾಗಿಲ್ಲ ಅಂದ. ಒಂಬತ್ತೂ ಈಗಷ್ಟೇ ಗೋಡೆ ದಾಟಿತಲ್ಲ ಅಂತ ಯಾರೋ ನೆನಪಿಸಿದರು. ಇಪ್ಪತ್ತೆರಡು ಗುರಿ ಕಲಿಯಲಿಕ್ಕೆ ಬಹಳ ಒಳ್ಳೆಯದು, ಅದನ್ನು ಮನೆಗೆ ತರುವುದು ಬೇಡ, ಬಾಯ್ಡ್‌ನ ಕಪಾಟಿನಲ್ಲೇ ಇಟ್ಟು ಗುರುವಾರ ತೆಗೆದುಕೊಂಡರಾಯಿತು ಅಂದ. ಮನೆ ಕಾಯಲಿಕ್ಕೆ ಏನು ಮಾಡುವುದು ಅಂತ ಕೇಳಿದರೆ ನಾಯಿ ಅಂದ.

“ನಾಯಿ ಬೇಡ, ನಂಗೆ ಸೀನು ಬರುತ್ತೆ,” ಅಂದರು ಓಪಲ್. “ನನ್ನ ಗಾಳಿಗಂಟೆ ಟವೆಲ್‌ನಲ್ಲಿ ಸುಮ್ನೆ ಬಿದ್ದಿದೆ. ಅದನ್ನ ಕೊಟ್ಟಿಗೆ ಬಾಗಿಲಿಗೆ ಕಟ್ಟಿ. ವೆಂಡೆಲ್ ಅದರ ಸದ್ದಿಗೆ ನಿದ್ದೆ ಬರಲ್ಲ ಅಂದಿದ್ನಲ್ಲ, ಈಗ ಉಪಯೋಗಕ್ಕೆ ಬರ್ಲಿ.”

ಮಧ್ಯಾಹ್ನ ನಾನೂ ವೆಂಡೆಲ್ಲೂ ಸೇರಿ ಮಂಚ ಸರಿಸಿದೆವು. ಗಾಳಿಗಂಟೆಯನ್ನು ಕೊಟ್ಟಿಗೆಯ ಬಾಗಿಲಿಗೆ ಕಟ್ಟಿದೆವು. ಮನೆಯಲ್ಲಿ ಪಿಸ್ತೂಲೇ ಇಲ್ಲ, ಇನ್ನಾದರೂ ಬಾ ಅಂತ ವೆಂಡೆಲ್ ಗೋಡೆಯ ತೂತಿಗೆ ಬಾಯಿಟ್ಟು ಹೆಂಡತಿಯನ್ನು ಕರೆದ. ಗಂಟೆ ಕೆಲಸ ಮಾಡುತ್ತಾ ನೋಡೋಣ, ಅಪ್ಪ ನಾಳೆ ಮತ್ತೆ ನಿಮ್ಮ ಕಿವಿ ಊದಿದರೆ ನೀವು ಮತ್ತೆ ಅಂಗಡಿಗೆ ಓಡುತ್ತೀರಿ ಅಂತ ಆ ಕಡೆಯಿಂದ ಉತ್ತರ ಬಂತು. ಅವಳು ಹೇಳಿದ್ದು ಸುಳ್ಳಲ್ಲ.

ಭಾನುವಾರ ಬೆಳಿಗ್ಗೆ ನನ್ನ ಸುತ್ತಿಗೆ ವಾಪಸ್ ತರಲಿಕ್ಕೆ ಹೋಗಿದ್ದೆ. ವೆಂಡೆಲ್ ಪೈಜಾಮದಲ್ಲಿ ಕಾಫಿ ಪುಡಿ ಡಬ್ಬಿ ಹುಡುಕುತ್ತಿದ್ದ. ಆಗ ಹಿತ್ತಲಲ್ಲಿ ಹಿತ್ತಾಳೆ ಕೊಳವೆಗಳೆಲ್ಲ ಒಟ್ಟಿಗೆ ಬಡಿದುಕೊಂಡವು. ಗಾಳಿ ಇರಲಿಲ್ಲ. ವೆಂಡೆಲ್ ಕಾಫಿ ಚಮಚ ಹಿಡಿದುಕೊಂಡೇ ಓಡಿದ, ನಾನು ಸುತ್ತಿಗೆ ಹಿಡಿದುಕೊಂಡು ಹಿಂದೆ ಓಡಿದೆ.

ಕೊಟ್ಟಿಗೆಯ ಬಾಗಿಲಲ್ಲಿ, ಕೊಳವೆಗಳ ನಡುವೆ ಟೋಪಿ ಸಿಕ್ಕಿಹಾಕಿಕೊಂಡು, ಹಾರ್ಲನ್ ನಿಂತಿದ್ದ. ಕೈಯಲ್ಲಿ ಮರ ಕೊಯ್ಯುವ ಮಷೀನು.

ಕಳೆದ ತಿಂಗಳು ಒಂದು ಕೊಂಬೆ ಕಡಿಯಲಿಕ್ಕೆ ತೆಗೆದುಕೊಂಡಿದ್ದನಂತೆ. ಹೇಳಲು ಮರೆತನಂತೆ. ಅಷ್ಟರಲ್ಲಿ ಕಳ್ಳತನದ ಸುದ್ದಿ ಚರ್ಚಿನವರೆಗೂ ಹೋಯಿತಂತೆ. ಈಗ ಸದ್ದಿಲ್ಲದೆ ವಾಪಸ್ ಇಡಲಿಕ್ಕೆ ಬಂದನಂತೆ. ಇಷ್ಟು ದಿನ ಅದು ಗಾಲಿಮನೆಯಲ್ಲಿ ಅವನ ಮಂಚದ ಕೆಳಗೇ ಇತ್ತು. ಅದರ ಮೇಲೆ ಮಲಗಿಕೊಂಡು ಅವನು ಅಳಿಯನಿಗೆ, ಕಳ್ಳನನ್ನು ಒಂದೇ ಏಟಿಗೆ ಹೇಗೆ ಬೀಳಿಸಬೇಕು ಅಂತ ಪಾಠ ಮಾಡಿದ್ದ.

ವೆಂಡೆಲ್ ಮಾವನನ್ನು ನೋಡಿದ. ಚಮಚವನ್ನು ನೋಡಿಕೊಂಡ. ಮನೆಯೊಳಗೆ ನಡೆದ. ಗೋಡೆಯ ತೂತಿನಿಂದ ಓಪಲ್ ಅವರ ದನಿ ಬಂತು.

“ಸಿಕ್ಕಿದ್ನಾ?”

“ಸಿಕ್ಕಿದ. ನಲವತ್ತೈದರವನು.”

ಆ ಕಡೆ ಇಬ್ಬರು ಹೆಂಗಸರು ನಕ್ಕ ನಗುವಿಗೆ ವರ್ಜಿಲ್‌ನ ಪಟ ಅಲುಗಾಡಿರಬೇಕು. ಆಮೇಲೆ ಮಾರ್ವಾ ಮಾತಾಡಿದಳು.

“ಕಾಫಿ ಇಡಿ. ಬರ್ತೀನಿ.”

ಬಂದಳು. ದಿಂಬನ್ನು ಬಗಲಲ್ಲಿಟ್ಟುಕೊಂಡು, ಉಳಿದ ಜೆಲ್ಲಿ ಹಿಡಿದುಕೊಂಡು. ಅಪ್ಪನ ವೈರನ್ನು ಕಿಟಕಿಯಿಂದ ಕಿತ್ತು ಅವನ ಕೈಗೆ ಕೊಟ್ಟಳು. ಅವತ್ತೇ ಗಾಲಿಮನೆ ಅಲ್ಲಿಂದ ಹೊರಟಿತು.

ಇಷ್ಟಾದ ಮೇಲಾದರೂ ಬಾಯ್ಡ್‌ನ ಅಂಗಡಿಯವರಿಗೆ ಬುದ್ಧಿ ಬಂದಿರುತ್ತದೆ ಅಂದುಕೊಂಡಿರಾ? ಹೋದ ವಾರ ಹೋಗಿದ್ದೆ. ಗಾಜಿನ ಮೇಲೆ ಪಿಸ್ತೂಲುಗಳ ಪಕ್ಕದಲ್ಲಿ ಗಾಳಿಗಂಟೆಗಳು. ಕಳ್ಳನಿಗೆ ಹಿತ್ತಾಳೆಯದು ಒಳ್ಳೆಯದೋ ಬಿದಿರಿನದೋ ಅಂತ ಕೊರಳಪಟ್ಟಿ ಹಿಡಿದುಕೊಂಡಿದ್ದಾರೆ. ಲಾನಿ ನಡುವಿನವನು, ಅಲ್ಯೂಮಿನಿಯಂ ಅನ್ನುತ್ತಾನೆ. ಒಂದು ಹೊಸ ಗಿರಾಕಿ ಬಂದು, ನಮ್ಮ ಮನೆಗೆ ಹಿತ್ತಲ ಬಾಗಿಲೇ ಇಲ್ಲ, ಎಲ್ಲಿಗೆ ಕಟ್ಟಲಿ ಅಂತ ಕೇಳಿದ. ಒಬ್ಬನೂ ಅವನ ಕಡೆ ತಿರುಗಿ ನೋಡಲಿಲ್ಲ. ಸಿಟ್ಟು ಬರದೆ ಇನ್ನೇನು ಬರುತ್ತದೆ ಹೇಳಿ. ಬಿದಿರಂತೆ, ಬಿದಿರು. ಬಿದಿರಿನ ಸದ್ದು ಅಡುಗೆಮನೆವರೆಗೂ ಬರುವುದಿಲ್ಲ, ಹಿತ್ತಾಳೆಯೇ ಆಗಬೇಕು. ಅಷ್ಟೂ ಗೊತ್ತಿಲ್ಲದ ಮುಂಡೇವು.